ಬಿಎಲ್‌ಡಿಸಿ ಫ್ಯಾನ್: ರೇಟು ಜಾಸ್ತಿ, ಕರೆಂಟ್ ಕಡಿಮೆ

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರದ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬಿಎಲ್‌ಡಿಸಿ (ಬ್ರಶ್ ಇಲ್ಲದ, ಕಡಿಮೆ ಕರೆಂಟ್ ಎಳೆಯುವ ಡಿಸಿ ಮೋಟಾರಿನ) ಸೀಲಿಂಗ್ ಫ್ಯಾನ್ ತಗೊಂಡೆ. ಗಾಳಿ ಚೆನ್ನಾಗಿದೆ, ಸದ್ದಿಲ್ಲ. ಹಳೇ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತಿತ್ತು, ಇದು ಫುಲ್ ಸ್ಪೀಡಿನಲ್ಲೂ 30ರ ಆಸುಪಾಸು. ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ, ಏಪ್ರಿಲ್-ಮೇ ಸೆಕೆಯಲ್ಲಿ ನಮ್ಮ ಕಡೆ ಫ್ಯಾನ್ ಎಲ್ಲಿ ನಿಲ್ಲುತ್ತೆ ಹೇಳಿ! ಇನ್ವರ್ಟರ್ ಮೇಲೂ ಜಾಸ್ತಿ ಹೊತ್ತು ಓಡುತ್ತದೆ.

ರಿಮೋಟ್ ಮಾತ್ರ ಸುಮಾರು, ಬಟನ್ ಗಟ್ಟಿಯಾಗಿ ಒತ್ತಬೇಕು. ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿ ನೇರ ಕನೆಕ್ಷನ್ ಕೊಡಬೇಕು ಅಂತ ಅಂಗಡಿಯವರು ಹೇಳಲೇ ಇಲ್ಲ, ಫಿಟ್ ಮಾಡಲು ಬಂದ ಹುಡುಗ ಹೇಳಿದ.

ಕರೆಂಟ್ ಉಳಿತಾಯಕ್ಕೆ ಕೊಡುವ ಸ್ಟಾರ್ ಇದಕ್ಕೆ ಎಷ್ಟು ಅಂತ ಅಂಗಡಿಯವರನ್ನು ಕೇಳಿದರೆ "ಎಲ್ಲಾ ಒಂದೇ ರೀ ಸರ್" ಅಂದರು. ಒಂದೇ ಅಲ್ಲ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯ. ಆದರೆ ಇಲ್ಲಿ ಕೌಂಟರಿನಲ್ಲಿ ಲೇಬಲ್ ಓದಿ ಹೇಳುವವರೇ ಇಲ್ಲ.

ನನ್ನ ರೇಟಿಂಗ್: ಫ್ಯಾನಿಗೆ 4, ಅಂಗಡಿಗೆ 2. ಜಿಎಸ್‌ಟಿ ಬಿಲ್ ಕೇಳಿ ಇಸ್ಕೊಳ್ಳಿ, ವಾರಂಟಿಗೆ ಬೇಕಾಗುತ್ತೆ.