ಗ್ಯಾರೇಜನ್ನು ಕೋಣೆ ಮಾಡಲು ಹೋಗಿ ಮೂರು ನೆಲ ಹಾಕಿದೆ

ಮನೆಗೆ ಅಂಟಿಕೊಂಡ ಗ್ಯಾರೇಜನ್ನು ಕೋಣೆ ಮಾಡುವಾಗ ಎಲ್ಲರೂ ಶಟರ್ ಜಾಗಕ್ಕೆ ಗೋಡೆಯೋ ಕಿಟಕಿಯೋ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನನ್ನು ಸತಾಯಿಸಿದ್ದು ನೆಲ. ಗ್ಯಾರೇಜಿನ ನೆಲ ಸಾಮಾನ್ಯವಾಗಿ ಮನೆಯ ನೆಲಕ್ಕಿಂತ ತಗ್ಗಿನಲ್ಲಿರುತ್ತದೆ. ನೀರು ಹೊರಗೆ ಹೋಗಲಿ ಅಂತ ಬಾಗಿಲ ಕಡೆಗೆ ವಾಟ ಬೇರೆ. ರಸಮಟ್ಟ ಇಟ್ಟು ನೋಡಿದರೆ ನಮ್ಮದು 20 ಅಡಿ ಉದ್ದಕ್ಕೆ 2.5 ಇಂಚು ಇಳಿದಿತ್ತು.

ಮೊದಲು ಸೋಮಾರಿಯ ದಾರಿ ಹಿಡಿದೆ. ಕಾಂಕ್ರೀಟಿನ ಮೇಲೆ ಸೀದಾ ವಿನೈಲ್ ಶೀಟ್ ಹಾಸಿದೆ. ಎರಡು ದಿನದ ಕೆಲಸ, ನೋಡೋಕೂ ಚೆನ್ನ. ನಾಲ್ಕು ತಿಂಗಳಿಗೆ ಮೂಲೆಯಿಂದ ಮುಗ್ಗಲು ವಾಸನೆ ಬಂತು. ಎತ್ತಿ ನೋಡಿದರೆ ಅಡಿಯಲ್ಲೆಲ್ಲ ಕಪ್ಪು ಬೂಷ್ಟು. ಆಮೇಲೆ ಬುದ್ಧಿ ಬಂದು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಟ್ಟೆ. ಹಾಳೆಯ ಒಳಮೈಯಲ್ಲಿ ನೀರಿನ ಹನಿ! ಅಂದರೆ ತೇವ ನೆಲದ ಅಡಿಯಿಂದಲೇ ಏರುತ್ತಿತ್ತು. ಈ ಪರೀಕ್ಷೆ ಮೊದಲೇ ಮಾಡಬೇಕಿತ್ತು, ಅಲ್ವಾ?

ಎರಡನೇ ಸಲ ನೆಲಕ್ಕೆಲ್ಲ ದಪ್ಪ ಪ್ಲಾಸ್ಟಿಕ್ ಹಾಸಿ, ಕೋಣೆಯನ್ನು ಅರ್ಧರ್ಧ ಮಾಡಿದೆ.

ಶಟರ್ ಕಡೆಯ ಅರ್ಧಕ್ಕೆ ರೀಪರ್, ಅಂದರೆ ಮರದ ಉದ್ದ ಪಟ್ಟಿಗಳು, ಮೇಲೆ ಪ್ಲೈವುಡ್. ವಾಟಕ್ಕೆ ತಕ್ಕಂತೆ ಪ್ರತಿ ರೀಪರಿನ ಅಡಿಗೆ ಚಕ್ಕೆ ಕೊಟ್ಟು ಮಟ್ಟ ಮಾಡಿದೆ. ಸೊಂಟ ಬಿದ್ದುಹೋಯಿತು. ಆದರೆ ಗೋಲಿ ಇಟ್ಟರೂ ಉರುಳುವುದಿಲ್ಲ. ತೊಂದರೆ ಏನೆಂದರೆ ಅಡಿ ಪೊಳ್ಳು. ನಡೆದರೆ ಡಬಡಬ ಸದ್ದು, ಚಳಿಯಲ್ಲಿ ಕಾಲಿಗೆ ತಣ್ಣಗೆ. ರೀಪರುಗಳ ನಡುವೆ ಏನಾದರೂ ತುಂಬಿಸಬೇಕಿತ್ತು. ಗೆದ್ದಲಿನ ಭಯ ಬೇರೆ.

ಮನೆ ಕಡೆಯ ಅರ್ಧಕ್ಕೆ 2 ಇಂಚು ದಪ್ಪದ ಗಟ್ಟಿ ಫೋಮ್ ಹಲಗೆ. ಟೀವಿ ಡಬ್ಬದಲ್ಲಿ ಬರುವ ಪುಡಿ ಉದುರುವ ಥರ್ಮೊಕೋಲ್ ಅಲ್ಲ, ಕಾಲಿಟ್ಟರೂ ತಗ್ಗದಷ್ಟು ಒತ್ತಾದದ್ದು. ಅದರ ಮೇಲೆ 12 ಮಿಮೀ ಪ್ಲೈವುಡ್ ಎರಡು ಪದರ, ಸಂದುಗಳು ಒಂದರ ಮೇಲೊಂದು ಬರದ ಹಾಗೆ. ಎರಡೂ ಪದರವನ್ನು ಒಂದಕ್ಕೊಂದು ಮಾತ್ರ ಸ್ಕ್ರೂ ಮಾಡಿದೆ. ಸ್ಕ್ರೂ ಉದ್ದವಾಗಿ ಕೆಳಗಿನ ಪ್ಲಾಸ್ಟಿಕ್ ಚುಚ್ಚಿದರೆ ಮಾಡಿದ್ದೆಲ್ಲ ದಂಡ. ಮರ ಹಿಗ್ಗಲಿ ಅಂತ ಗೋಡೆಯ ಸುತ್ತ ಅರ್ಧ ಇಂಚು ಬಿಟ್ಟೆ, ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚಿತು. ಒಂದೇ ದಿನದಲ್ಲಿ ಮುಗಿಯಿತು. ಸದ್ದಿಲ್ಲ, ಬರಿಗಾಲಿಗೆ ಬೆಚ್ಚಗೆ.

ಆದರೆ ಫೋಮ್ ವಾಟವನ್ನು ಸರಿಮಾಡುವುದಿಲ್ಲ, ಇದ್ದ ಹಾಗೇ ಮೇಲೆ ತರುತ್ತದೆ. ಬೀರುವಿನ ಬಾಗಿಲು ತಾನಾಗಿ ತೆರೆಯುತ್ತಿತ್ತು. ಕಾಲಡಿಗೆ ಚಕ್ಕೆ ಕೊಟ್ಟ ಮೇಲೆ ಸುಮ್ಮನಾಯಿತು. ಎರಡೂ ಕಡೆ ಸುಮಾರು 3 ಇಂಚು ಎತ್ತರ ಹೋಯಿತು. ತಾರಸಿ ತಗ್ಗಿದ್ದವರು ಮೊದಲೇ ಅಳೆಯಿರಿ.

ವರ್ಷ ಕಳೆದಿದೆ, ಎರಡೂ ಕಡೆ ವಾಸನೆ ಇಲ್ಲ. ಮತ್ತೆ ಮಾಡುವುದಾದರೆ ಕೋಣೆಗೆಲ್ಲ ಫೋಮೇ ಹಾಕುತ್ತೇನೆ. ಮಲಗುವುದು, ಕೂರುವುದು ಎಲ್ಲ ಆ ಕಡೆಗೇ ಸರಿದಿದೆ. ಚಕ್ರದ ಕುರ್ಚಿ ಮಾತ್ರ ಅಲ್ಲಿ ನಿಲ್ಲದೆ ಜಾರುತ್ತದೆ. ಹಾಗಾಗಿ ಬರೆಯುವ ಮೇಜು ರೀಪರ್ ಕಡೆ ಇದೆ, ಅದರಡಿಯಲ್ಲಿ ಒಂದು ಜೊತೆ ಕಾಲುಚೀಲವೂ ಇದೆ.