ಮೂರು ಭಾಷೆಯ ಬೋರ್ಡು ಬೇಕೆಂದರೆ ರಾಬರ್ಟ್‌ಸನ್‌ಪೇಟೆಗೆ ಹೋಗಿ

ಕೋಲಾರದ ಎಪಿಎಂಸಿ ಹತ್ತಿರ ನಮ್ಮದು ಲಾರಿ ಬುಕಿಂಗ್ ಕಚೇರಿ. ಟೊಮೆಟೊ ಲೋಡು ಚೆನ್ನೈ, ವೆಲ್ಲೂರು, ಹೊಸೂರು, ಚಿತ್ತೂರಿಗೆಲ್ಲ ಹೋಗುತ್ತದೆ. ಆ ಊರುಗಳ ಹೆಸರನ್ನು ಕನ್ನಡ, ತಮಿಳು, ತೆಲುಗಿನಲ್ಲಿ ಬರೆಸಬೇಕಿತ್ತು. ಮೊದಲು ಒಂದು ಫ್ಲೆಕ್ಸ್ ಅಂಗಡಿಗೆ ಕೊಟ್ಟೆ. ಅವರು ಕನ್ನಡದ ಒಂದೊಂದು ಅಕ್ಷರವನ್ನೂ ಕಂಪ್ಯೂಟರಿನಲ್ಲಿ ತಮಿಳಿಗೆ ಬದಲಿಸಿ ಅಚ್ಚು ಹಾಕಿಕೊಟ್ಟರು. ತಮಿಳುನಾಡಿನ ಚಾಲಕರು ಅದನ್ನು ತಡವರಿಸಿ ಓದಿ, ಇದು ಯಾವ ಊರು ಎಂದು ನಮ್ಮನ್ನೇ ಕೇಳಿದರು. ಹಣ ಕೊಟ್ಟವನಿಗೆ ಸಿಟ್ಟು ಬಾರದಿರುತ್ತದೆಯೇ?

ಕೊನೆಗೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಕೈಯಿಂದಲೇ ಬೋರ್ಡು ಬರೆಯುವ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದೆ. ಮನೆಮಾತು ತಮಿಳು, ಶಾಲೆಯಲ್ಲಿ ಕಲಿತದ್ದು ಕನ್ನಡ; ತೆಲುಗು ಪೇಟೆಯಲ್ಲಿ ಬಂದದ್ದು. ನನ್ನ ಪಟ್ಟಿ ನೋಡುತ್ತಲೇ ಪೆನ್ಸಿಲ್ ತೆಗೆದರು. ನಮ್ಮ ಹೊಸೂರು ತಮಿಳಿನಲ್ಲಿ ‘ಓಸೂರ್’, ಹಕಾರವೇ ಇಲ್ಲ. ನಾವು ಒತ್ತಿ ಹೇಳುವ ವೆಲ್ಲೂರು ಅಲ್ಲಿನವರಿಗೆ ‘ವೇಲೂರ್’. ಬೆಂಗಳೂರನ್ನು ಪಕಾರದಿಂದ ಬರೆದರು. ತಮಿಳಿನಲ್ಲಿ ಪ, ಬ ಎರಡಕ್ಕೂ ಅಕ್ಷರ ಒಂದೇ, ಓದುವವರು ಬ ಎಂದೇ ಓದಿಕೊಳ್ಳುತ್ತಾರೆ. ಮದನಪಲ್ಲಿ ತೆಲುಗಿನಲ್ಲಿ ‘ಮದನಪಲ್ಲೆ’ ಆಯಿತು, ಕೋಲಾರ ‘ಕೋಲಾರು’ ಆಯಿತು. ಬಂಗಾರಪೇಟೆಯನ್ನು ಅವರು ಮಾತಿನಲ್ಲಿ ಹಳೆಯ ರೂಢಿಯಂತೆ ಬೌರಿಂಗ್‌ಪೇಟೆ ಎನ್ನುತ್ತಾರೆ. ಬೋರ್ಡಿನಲ್ಲಿ ಮಾತ್ರ ಈಗಿನ ಹೆಸರು.

ಒಂದೊಂದು ಊರಿಗೂ ಅಲ್ಲಿನ ಜನ ಬರೆಯುವ ಹೆಸರನ್ನೇ ಕೊಡಬೇಕೆಂಬ ಈ ಹಟ ನನಗೆ ಬಹಳ ಹಿಡಿಸಿತು. ಕೆಳಗಿನ ಇಂಗ್ಲಿಷ್ ಸಾಲಿನಲ್ಲೂ ಅದೇ ಶಿಸ್ತು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾದದ್ದು ಅವರಿಗೆ ಬಾಯಿಪಾಠ. ನಾನು ‘ಟುಮ್ಕೂರ್’, ‘ಹುಬ್ಳಿ’ ಎಂದು ಬರೆದುಕೊಟ್ಟದ್ದನ್ನು ತುಮಕೂರು, ಹುಬ್ಬಳ್ಳಿ ಎಂದೇ ಓದಿಸುವಂತೆ ತಿದ್ದಿದರು.

ತಗಡಿನ ಮೇಲೆ ಎನಾಮಲ್ ಬಣ್ಣ, ದಪ್ಪ ಅಕ್ಷರ, ರಸ್ತೆಯ ಆಚೆಯಿಂದಲೂ ಕಾಣುತ್ತದೆ. ತೆಲುಗು ಸಾಲು ಸ್ವಲ್ಪ ಇಕ್ಕಟ್ಟಾಗಿದೆ. ಇನ್ನಷ್ಟು ಜಾಗ ಬಿಡಬಹುದಿತ್ತು. ದರ ಫ್ಲೆಕ್ಸ್‌ಗಿಂತ ಹೆಚ್ಚು, ಅವಸರದ ಕೆಲಸ ಅವರು ಒಪ್ಪುವುದಿಲ್ಲ. ಮಳೆಗಾಲದಲ್ಲಂತೂ ಬಣ್ಣ ಒಣಗುವವರೆಗೆ ಕಾಯಲೇಬೇಕು. ಆದರೂ ಈಗ ಚಾಲಕರು ಬೋರ್ಡು ನೋಡಿ ನೇರವಾಗಿ ಒಳಗೆ ಬಂದು ಬಾಡಿಗೆ ಮಾತಾಡುತ್ತಾರೆ. ನೀವು ಹೋಗುವುದಾದರೆ ಊರುಗಳ ಪಟ್ಟಿಯನ್ನು ಕನ್ನಡದಲ್ಲಷ್ಟೇ ಒಯ್ಯಿರಿ, ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಹೋಗಬೇಡಿ. ಉಳಿದ ಭಾಷೆಗಳನ್ನು ಅವರಿಗೇ ಬಿಡಿ.