ಟೊಮೆಟೊಗೆ ಇನ್‌ಲೈನ್ ಡ್ರಿಪ್: ಒಂದು ಬೆಳೆಯ ನಂತರ

ಕೋಲಾರದ ನಮ್ಮ ಒಂದು ಎಕರೆ ಟೊಮೆಟೊ ತೋಟಕ್ಕೆ 16 ಮಿ.ಮೀ. ಇನ್‌ಲೈನ್ ಡ್ರಿಪ್ ಪೈಪು (ಉದ್ದಕ್ಕೂ ಇರುವ ತೂತುಗಳಿಂದ ಗಿಡದ ಬುಡಕ್ಕೆ ಹನಿಹನಿಯಾಗಿ ನೀರು ಬಿಡುವ ಪೈಪು) ಹಾಕಿಸಿ ಒಂದು ಬೆಳೆ ತೆಗೆದಿದ್ದೇನೆ. ಸಾಲುಗಳ ನಡುವೆ ಮಣ್ಣು ಒಣಗಿರುವುದರಿಂದ ಕಳೆ ಕಡಿಮೆಯಾಯಿತು. ಅದಕ್ಕಿಂತ ಮುಖ್ಯವಾಗಿ, ಸಾಲಿಗೆ ನೀರು ಕಟ್ಟುತ್ತಿದ್ದಾಗ ಒಣಗಿದ ಬುಡಕ್ಕೆ ಒಮ್ಮೆಲೇ ನೀರು ಸಿಕ್ಕಿ ಬಿರಿಯುತ್ತಿದ್ದ ಹಣ್ಣುಗಳು, ಹದವಾದ ತೇವ ಸದಾ ಇದ್ದುದರಿಂದ ಈ ಬಾರಿ ಬಹುಮಟ್ಟಿಗೆ ಬಿರಿಯಲಿಲ್ಲ. ಆದರೆ ತೇವವಿರುವಷ್ಟೇ ಜಾಗದಲ್ಲಿ ಬೇರು ಗುಂಪುಗಟ್ಟುವುದರಿಂದ, ಎರಡು ದಿನ ಮೋಟಾರು ಕೆಟ್ಟಾಗ ಗಿಡಗಳು ಬೇಗನೆ ಬಾಡಿದವು. ಆಮೇಲೆ ಕೆಲವು ಎಳೆಗಾಯಿಗಳ ತಳ ಕಪ್ಪಾಗಿ ಕೊಳೆಯಿತು. ನೀರಿನ ಹರಿವು ತಪ್ಪಿದರೆ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪದೆ ಹೀಗಾಗುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರಿಗೆ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ಆಗಾಗ ಆಮ್ಲ ಹಾಯಿಸಿ ತೊಳೆಯಬೇಕು; ಇದನ್ನು ಮಾರಿದ ಅಂಗಡಿಯವರು ಹೇಳಲೇ ಇಲ್ಲ. ಪೈಪಿಗೆ ನಾಲ್ಕು ನಕ್ಷತ್ರ, ಅಂಗಡಿಯ ಸೇವೆಗೆ ಎರಡು.